ತಿಕೋಟಾದ ಬೆಳ್ಳಗಿನ ಪೇಪರು

4 ನವೆಂಬರ್ 2024, ಸೋಮವಾರ

8.05ಕ್ಕೆ ತಿಕೋಟಾ. ಪೇಪರ್ ನಂಬರ್ 211 ಹಾಕಿದೆ. ಮಷೀನು ಒಂದೇ ಸಲಕ್ಕೆ ಚಾಲೂ ಆಯಿತು. ಇವತ್ತು ಅದಕ್ಕೂ ಮೂಡ್ ಚೆನ್ನಾಗಿರಬೇಕು. ಮಾಳಿಗೆಯಿಂದ ಇಳಿದಾಗ ಮನೆಯ ಅಕ್ಕನಾಗಮ್ಮ ಕಾಕು ಚಹಾ ಕೊಟ್ಟರು, ಒಂದು ಬಿಸಿ ರೊಟ್ಟಿಯನ್ನೂ ಕೊಟ್ಟರು. ಅಲ್ಲಿಂದ ಸ್ಕೂಟಿಯಲ್ಲಿ ಬಬಲೇಶ್ವರ, ಸೊಸೈಟಿಯ ಮಾಳಿಗೆಯ ಇನ್ನೊಂದು ಮಷೀನು, 9.20. ಅಲ್ಲಿಯ ವಾಚಮನ್ ಅಮಸಿದ್ದ ಕೀಲಿ ಕೊಡುತ್ತಾನೆ, ಮಾತು ಕೊಡುವುದಿಲ್ಲ. ಎರಡು ವರ್ಷದಲ್ಲಿ ಅವನು ಆಡಿದ ಮಾತೆಲ್ಲ ಕೂಡಿಸಿದರೂ ಒಂದು ಪೋಸ್ಟ್ ಕಾರ್ಡ್ ತುಂಬುವುದಿಲ್ಲ.

ಸಂಜೆ ವಿಜಯಪುರದಲ್ಲಿ, ಜೋರಾಪುರ ಪೇಟೆಯ ನಮ್ಮ ಓಣಿಯಲ್ಲಿ ಹೊಸದಾಗಿ ಬಾಡಿಗೆಗೆ ಬಂದವರು ಕೇಳಿದರು — ನೀವು ಏನು ಕೆಲಸ ಮಾಡುತ್ತೀರಿ ಎಂದು. ಗಾಳಿ ತೂಗುತ್ತೇನೆ ಎಂದೆ. ನಕ್ಕರು. ಸುಳ್ಳೇನು ಹೇಳಿದೆ? ಬಿಳಿ ಪೇಪರನ್ನು ಸರ್ಕಾರಿ ಲ್ಯಾಬಿನಲ್ಲಿ ತೂಗಿ ಮಷೀನಿಗೆ ಹಾಕುವುದು. ಮಷೀನು ಇಪ್ಪತ್ನಾಲ್ಕು ತಾಸು ಅದರ ಮೂಲಕ ಗಾಳಿ ಎಳೆಯುತ್ತದೆ. ಮರುದಿನ ಪೇಪರು ತೆಗೆದು ಮತ್ತೆ ತೂಗುವುದು. ಎಷ್ಟು ಹೆಚ್ಚಾಯಿತೋ ಅಷ್ಟು ಧೂಳು. ಲೆಕ್ಕ ನೂರು ದಾಟಬಾರದು. ಸೋಮವಾರ, ಗುರುವಾರ ಹಾಕು. ಮಂಗಳವಾರ, ಶುಕ್ರವಾರ ತೆಗೆ. ನಲವತ್ಮೂರು ವರ್ಷದ ನಂದಾಳ ವಾರ ಇಷ್ಟೇ.

5 ನವೆಂಬರ್, ಮಂಗಳವಾರ

ಬಬಲೇಶ್ವರ 121. ತಿಕೋಟಾ 58.

ಲ್ಯಾಬಿನ ಅರುಣಕುಮಾರ್ ಸರ್‌ಗೆ ಖುಷಿ. ತಿಕೋಟಾ ನಮ್ಮ ಜಾಣ ವಿದ್ಯಾರ್ಥಿ ಎಂದರು. ಮಳೆಗಾಲದಲ್ಲಿ ಪೇಪರು ಬೆಳ್ಳಗೆ ಬಂದದ್ದು ಸರಿ. ಈಗ ದೀಪಾವಳಿಯೂ ಮುಗಿಯಿತು, ಮಣ್ಣು ಒಣಗಿದೆ. ಕಾಕುನ ಮಾಳಿಗೆಯ ಮೇಲೆ ನಿಂತರೆ ಊರಾಚೆಯ ಕಲ್ಲಿನ ಕ್ರಷರ್‌ಗಳು ಹಿಟ್ಟಿನ ಗಿರಣಿಯ ಹಾಗೆ ಪುಡಿ ಎಬ್ಬಿಸುವುದು ಕಾಣುತ್ತದೆ. ಗಾಳಿ ಆಚೆ ಕಡೆ ಬೀಸುತ್ತಿರಬೇಕು ಎಂದರು ಸರ್. ಇರಬೇಕು ಎಂದೆ. ನನಗೂ ಹಾಗೆಯೇ ಇರಲಿ ಎಂದು ಆಸೆ. ಆ ಊರಿನ ಪೇಪರು ಬೆಳ್ಳಗೆ ಬಂದ ದಿನ ಯಾಕೋ ನಾನೇ ಪಾಸಾದ ಹಾಗೆ ಅನ್ನಿಸುತ್ತದೆ.

17 ನವೆಂಬರ್, ಭಾನುವಾರ

ಬಟ್ಟೆ ಒಗೆದೆ. ಅನ್ನ ಹೆಚ್ಚಾಯಿತು. ಒಬ್ಬಳಿಗೆ ಅನ್ನ ಮಾಡುವುದು ಹದಿನೆಂಟು ವರ್ಷವಾದರೂ ಬರಲಿಲ್ಲ. ಮೂರು ತಿಂಗಳ ಸಂಸಾರ ಬಿಟ್ಟು ಬಂದಾಗ ಕಲಿತೇನು ಅಂದುಕೊಂಡಿದ್ದೆ.

ಮಮದಾಪುರದಿಂದ ತಮ್ಮ ಮುತ್ತು ಫೋನ್ ಮಾಡಿದ್ದ. ಆರಾಮ ಅದಿಯೇನು ಅಂದ, ಅದೀನಿ ಅಂದೆ. ಎರಡು ನಿಮಿಷ ಹನ್ನೊಂದು ಸೆಕೆಂಡು. ನಾಳೆ ಸೋಮವಾರ, ಒಳ್ಳೆಯದಾಯಿತು.

21 ನವೆಂಬರ್, ಗುರುವಾರ

ಕಾಕುನ ಬಗ್ಗೆ ಇಲ್ಲಿ ಎಂದೂ ಸರಿಯಾಗಿ ಬರೆದಿಲ್ಲ. ಐವತ್ತೆಂಟು ಇರಬೇಕು. ಖಡಕ್ ರೊಟ್ಟಿ ಮಾಡಿ ವಿಜಯಪುರದ ಅಂಗಡಿಗಳಿಗೆ ಕಳಿಸುತ್ತಾರೆ. ಸೊಸೆ ವಿಜಯಲಕ್ಷ್ಮೀ, ಕೆಲಸಕ್ಕೆ ಬರುವ ಇಬ್ಬರು ಹೆಣ್ಣುಮಕ್ಕಳು. ನಾಲ್ಕು ಒಲೆ, ಬೆಳಗಿನಿಂದ ಚಟಪಟ ಸದ್ದು. ಮಾಳಿಗೆಯ ಮೇಲೆ ಮಷೀನು ಇಡಲು ಇಡೀ ಊರಲ್ಲಿ ಯಾರೂ ಜಾಗ ಕೊಡದಾಗ, ಮೂಲ್ಯಾಗ ಕುಂದ್ರಲಿ ಬಿಡ್ರಿ, ಊಟ ಕೇಳೂದಿಲ್ಲಲ್ಲ ಅಂದವರು.

ನಾನು ಮೆಟ್ಟಿಲು ಇಳಿಯುವ ಹೊತ್ತಿಗೆ ಹೊಸ ರೊಟ್ಟಿ ಹಂಚಿನ ಮೇಲೆ ಬೀಳುತ್ತದೆ. ಮೊದಲೇ ಮಾಡಿಟ್ಟದ್ದನ್ನು ಎಂದೂ ಕೊಟ್ಟಿಲ್ಲ. ಜಗತ್ತಿನಲ್ಲಿ ನಾನು ಬರುವ ಹೊತ್ತು ನೋಡಿಕೊಂಡು ಯಾರಾದರೂ ಏನಾದರೂ ಮಾಡುವುದು ಅಂದರೆ ಅದೊಂದೇ. ಸ್ವಲ್ಪ ಕೆಮ್ಮುತ್ತಿದ್ದರು. ಕೇಳಿದರೆ ಒಲೆಯ ಹೊಗೆ ಎಂದರು.

ಪೇಪರು ನಾಳೆ.

30 ಡಿಸೆಂಬರ್, ಸೋಮವಾರ. ಎಳ್ಳ ಅಮಾವಾಸ್ಯೆ

ಬೆಳಿಗ್ಗೆ ಎರಡೂ ಕಡೆ ಪೇಪರು ಹಾಕಿ, ಕಾಕು ಕರೆದಿದ್ದಕ್ಕೆ ತಿಕೋಟಾಕ್ಕೆ ತಿರುಗಿ ಬಂದು ನೇರ ಅವರ ಹೊಲಕ್ಕೆ ಹೋದೆ. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಬದನೆಕಾಯಿ, ಶೇಂಗಾ ಹೋಳಿಗೆ. ಭೂಮಿತಾಯಿಗೆಂದು ಹೊಲದ ಸುತ್ತ ಅಡುಗೆಯ ಚರಗ ಚೆಲ್ಲಿದರು. ನನ್ನ ಕೈಗೂ ಒಂದು ತುತ್ತು ಕೊಟ್ಟು ಚೆಲ್ಲು ಅಂದರು. ಬಂಧುಗಳು ಯಾರಿವಳು ಎಂದು ಕೇಳಿದಾಗ ಕಾಕು, ನಮ್ಮ ಮನ್ಯಾಕಿ ಅಂದುಬಿಟ್ಟರು. ಕಣ್ಣಲ್ಲಿ ನೀರು ಬಂತು. ಹಸಿಮೆಣಸಿನಕಾಯಿ ಕಡಿದೆ ಅಂತ ಹೇಳಿದೆ.

ಒಂದು ವಿಷಯ ಬರೆದಿಡಬೇಕು. ಜೋಳದ ಎಲೆಗಳು ಬೂದಿ ಬಳಿದ ಹಾಗೆ ಧೂಳು ಹೊತ್ತಿದ್ದವು. ಬೆರಳಾಡಿಸಿದರೆ ಗೆರೆ ಮೂಡುತ್ತದೆ. ಹೊಲ ಮನೆಯ ಹಿಂದೆಯೇ, ಕರೆದರೆ ಕೇಳುವಷ್ಟು ದೂರ. ಹಾಗಾದರೆ ನನ್ನ ಪೇಪರು ಯಾಕೆ...

31 ಡಿಸೆಂಬರ್, ಮಂಗಳವಾರ

ತಿಕೋಟಾ 55. ಜೋಳ ಸುಳ್ಳು ಹೇಳುವುದಿಲ್ಲ. ಮಷೀನು ಚೆಕ್ ಮಾಡಿದೆ, ಗಾಳಿ ಸರಿಯಾಗಿ ಎಳೆಯುತ್ತಿದೆ. ಏನೂ ತಿಳಿಯಲಿಲ್ಲ.

9 ಜನವರಿ 2025, ಗುರುವಾರ

ಇವತ್ತಿನದು ಬಿಡಿಸಿ ಬರೆಯಬೇಕು. ನಿಧಾನ ಬರೆಯುತ್ತೇನೆ.

ತಿಕೋಟಾದಲ್ಲಿ ಎಂಟಕ್ಕೆ ಪೇಪರು ಹಾಕಿ ಬಬಲೇಶ್ವರಕ್ಕೆ ಹೋದರೆ ಕರೆಂಟಿಲ್ಲ, ಲೈನ್ ಕೆಲಸ, ಸಂಜೆಯವರೆಗೆ ಬರುವುದಿಲ್ಲ. ಅಮಸಿದ್ದ ಕೈ ಆಡಿಸಿ ಹೇಳಿದ. ಸುಮ್ಮನೆ ರೂಮಿಗೆ ಹೋಗಿ ಏನು ಮಾಡಲಿ? ತಿಕೋಟಾಕ್ಕೇ ತಿರುಗಿದೆ. ಹಾಕಿದ ದಿನ ಮಧ್ಯಾಹ್ನ ಆ ಮಾಳಿಗೆ ಹತ್ತಿದ್ದು ಎರಡು ವರ್ಷದಲ್ಲಿ ಇದೇ ಮೊದಲು.

ಮಷೀನಿನ ತಲೆಗೆ ಒದ್ದೆ ಅರಿವೆ ಹೊದಿಸಿತ್ತು. ಹಳೆಯ ಧೋತರದ ಎರಡು ಪದರ, ಸುತ್ತ ದಾರ ಕಟ್ಟಿ. ಅರಿವೆಯ ಮೇಲೆ ಬೂದು ಬಣ್ಣದ ರಾಡಿ.

ಹಿಂದೆಯೇ ಕಾಕು ಏದುಸಿರು ಬಿಡುತ್ತ ಹತ್ತಿ ಬಂದರು. ಕದ್ದು ಸಿಕ್ಕಿಬಿದ್ದವರ ಮುಖ ಅಲ್ಲ. ಹಬ್ಬಕ್ಕೆ ಸೀರೆ ತಂದು ಬಚ್ಚಿಟ್ಟವರ ಮುಖ.

"ಕ್ರಷರ್ ಚಾಲೂ ಆದ ಕೂಡ್ಲೆ ಹೊಚ್ಚತೇನಿ, ನಿಂತ ಮ್ಯಾಲ ತಗದು ಹಿಂಡಿ ಹಾಕ್ತೇನಿ. ಮೊದಲ ಪೇಪರ್ ಕರ್ರಗ ಬರ್ತಿತ್ತು, ನಿನ್ನ ಮಾರಿ ಸಣ್ಣದಾಗ್ತಿತ್ತು ನಂದಾ. ಈಗ ನೋಡ, ಹ್ಯಾಂಗ ಬೆಳ್ಳಗ ಬರ್ತೈತಿ."

ಯಾವಾಗಿನಿಂದ ಎಂದು ಕೇಳಿದೆ. ಮಳೆ ಶುರುವಾದಾಗಿನಿಂದ ಅಂದರು. ಮೊದಮೊದಲು ಮಳೆಗೆ ಹೊದಿಸಿದ್ದಂತೆ. ಬೆಳ್ಳಗೆ ಬಂದದ್ದು ನೋಡಿ ರೂಢಿಯಾಯಿತಂತೆ.

ತಪ್ಪು ಯಾರದು? ಮಷೀನು ತಂದ ಮೊದಲ ದಿನ ನಾನೇ ಹೇಳಿದ್ದೆ. ಪೇಪರಿಗೆ ಕೈ ಹಚ್ಚಬೇಡಿ, ಧೂಳು ಬಿದ್ದರೆ ಹಾಳಾಗುತ್ತದೆ, ನನಗೆ ಬೈಯುತ್ತಾರೆ ಎಂದು. ಅದು ಪೇಪರು ಬದಲಿಸುವಾಗ ಮಾತ್ರ ಎಂಬ ಮಾತು ಸೇರಿಸಲಿಲ್ಲ. ಆಮೇಲೆ ಕಪ್ಪು ಪೇಪರು ತೆಗೆದಾಗೆಲ್ಲ ಲೊಚಗುಟ್ಟಿದ್ದೇನೆ. ಹಪ್ಪಳ, ಹಿಟ್ಟು, ರೊಟ್ಟಿ ಎಲ್ಲಕ್ಕೂ ಅರಿವೆ ಮುಚ್ಚಿ ಬದುಕಿದ ಹೆಂಗಸು ಇದಕ್ಕೂ ಮುಚ್ಚಿದರು. ಧೂಳು ಹಿಡಿಯುವುದೇ ಇದರ ಕೆಲಸ ಎಂದು ನಾನು ಯಾವತ್ತೂ ಬಿಡಿಸಿ ಹೇಳಲಿಲ್ಲ.

ಆಗಲಾದರೂ ಹೇಳಬೇಕಿತ್ತು. ಇನ್ನು ಹೊಚ್ಚಬ್ಯಾಡ್ರಿ ಕಾಕು, ಮಷೀನಿಗೆ ಉಸಿರು ಕಟ್ಟತೈತಿ ಎಂದಷ್ಟೇ ಹೇಳಿದೆ. ಹೌದೇನು ಅಂದು ಪಾಪ ಅರಿವೆ ತೆಗೆದರು. ಬಿಸಿ ರೊಟ್ಟಿ ಕೊಟ್ಟರು. ತಿಂದೆ.

14 ಜನವರಿ, ಮಂಗಳವಾರ. ಸಂಕ್ರಾಂತಿ

ಅರಿವೆ ತೆಗೆಸಿದ ಮೇಲಿನ ಮೊದಲ ಪೂರ್ತಿ ಪೇಪರು. ಲ್ಯಾಬಿಗೆ ರಜೆ, ಆದರೂ ಕೀಲಿ ತೆಗೆದು ತೂಗಿದೆ. 168. ತಪ್ಪಿರಬಹುದು ಎಂದು ಮತ್ತೆ ತೂಗಿದೆ. 168.

16 ಜನವರಿ, ಗುರುವಾರ

ಅರುಣಕುಮಾರ್ ಸರ್ ಕರೆದರು. ತಿಕೋಟಾದ ಆರು ತಿಂಗಳ ರಿಪೋರ್ಟು 20ಕ್ಕೆ ಹೋಗಬೇಕು. ಇನ್ನೂ ಎರಡು ಕ್ರಷರ್‌ಗೆ ಅರ್ಜಿ ಬಂದಿದೆ, ಕಾಕುನ ಮನೆಯ ಕಡೆಯೇ. ಗಾಳಿ ನೂರರ ಒಳಗಿದ್ದರೆ ತಕರಾರಿಲ್ಲ. ಪ್ರತಿ ಪುಟಕ್ಕೂ ಫೀಲ್ಡಿನವಳೆಂದು ನನ್ನ ಸಹಿ ಬೇಕು.

ಇದೇನು 168 ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ನನ್ನ ಕೈ ಸೆರಗಿಗೆ ಹೋಯಿತು. ಹಬ್ಬದ ಟ್ರಾಫಿಕ್ ಇರಬೇಕು, ಒಂದನ್ನು ಬಿಟ್ಟುಬಿಡೋಣ ಎಂದು ಅವರೇ ದಾರಿ ಮಾಡಿಕೊಟ್ಟರು. ಭಾನುವಾರದ ತನಕ ಟೈಮ್ ಕೊಡಿ ಎಂದೆ.

19 ಜನವರಿ, ಭಾನುವಾರ

ಬಿಸಿ ತುಪ್ಪ. ನುಂಗಲೂ ಆಗದು, ಉಗುಳಲೂ ಆಗದು.

ಸಹಿ ಮಾಡಿದರೆ — ಇನ್ನೆರಡು ಕ್ರಷರ್ ಬರುತ್ತವೆ. ಕಾಕು, ವಿಜಯಲಕ್ಷ್ಮೀ, ಆ ಇಬ್ಬರು ಹೆಣ್ಣುಮಕ್ಕಳು ದಿನವಿಡೀ ಅದನ್ನೇ ಉಸಿರಾಡಬೇಕು. ಆ ಕೆಮ್ಮು ಒಲೆಯದಲ್ಲ, ಇಷ್ಟರ ಮೇಲೆ ನನಗಾದರೂ ಗೊತ್ತಿರಬೇಕು.

ಹೇಳಿದರೆ — ಮಷೀನು ಆ ಮಾಳಿಗೆಯಿಂದ ಇಳಿಯುತ್ತದೆ. ಕಾಕುನ ಹೆಸರು ಕಾಗದಕ್ಕೆ ಬರುತ್ತದೆ. ಸರ್ಕಾರಿ ಲೆಕ್ಕ ಕೆಡಿಸಿದವಳು ಎಂದು ಊರೆಲ್ಲ ಆಡುತ್ತದೆ. ನನಗೆ ಆ ಮನೆ ಹೋಗುತ್ತದೆ. ನಿಜ ಹೇಳಬೇಕೆಂದರೆ ನನ್ನನ್ನು ಹಿಡಿದು ನಿಲ್ಲಿಸಿರುವುದು ಈ ಕೊನೆಯದೇ. ಊರಿನ ಪುಪ್ಪುಸಕ್ಕಿಂತ ನನಗೆ ವಾರಕ್ಕೆ ನಾಲ್ಕು ರೊಟ್ಟಿ ದೊಡ್ಡದಾಯಿತು. ನಾಚಿಕೆಯಾಗುತ್ತಿದೆ. ಆದರೂ ಸಂಜೆಯ ತನಕ ಬಗೆಹರಿಯಲಿಲ್ಲ.

20 ಜನವರಿ, ಸೋಮವಾರ

ಹೇಳಿದೆ.

ಸರ್ ಮೊದಲು ನಕ್ಕರು, ಆಮೇಲೆ ಹಳೆಯ ಲೆಕ್ಕದ ಪುಟ ಒಂದೊಂದಾಗಿ ತಿರುವಿದರು. ಕಾರಣದ ಕಾಲಮ್ಮಿನಲ್ಲಿ ಹೆಸರು ಬರೆಯಬೇಕು ಎಂದರು. ಬರೆದೆ: 'ಮಷೀನು ನಡೆಯುವಾಗ ಅದರ ಮೇಲೆ ಬಟ್ಟೆ ಇತ್ತು. ಜೂನ್‌ನಿಂದ ಜನವರಿ 9ರ ತನಕದ ತಿಕೋಟಾ ಲೆಕ್ಕ ನಂಬುವಂತಿಲ್ಲ. ಮನೆಯವರಿಗೆ ತಿಳಿಸಿ ಹೇಳದಿದ್ದದ್ದು, ನಡುವೆ ಹೋಗಿ ನೋಡದಿದ್ದದ್ದು ನನ್ನ ತಪ್ಪು. — ನಂದಾ.' ಹೊಚ್ಚಿದವರು ಯಾರು ಎಂದು ಕೇಳಿದರು. ಬಟ್ಟೆ ಇತ್ತು ಸರ್, ಅಷ್ಟೇ ಎಂದೆ. "ನಿಮ್ಮ ಕಾಂಟ್ರ್ಯಾಕ್ಟ್ ಮಾರ್ಚಿಗೆ ಮುಗೀತದ, ಗೊತ್ತದ ಅಲ್ರಿ?" ಎಂದರು. ಗೊತ್ತು ಎಂದೆ.

ಹೊರಗೆ ಬಂದು ಬಾಟಲಿ ನೀರು ಪೂರ್ತಿ ಕುಡಿದೆ.

3 ಫೆಬ್ರವರಿ, ಸೋಮವಾರ

ಎರಡು ವಾರ ಏನೂ ಬರೆದಿಲ್ಲ. ತಿಕೋಟಾ 159, 171, 164, 180. ಪೇಪರನ್ನು ಡಬ್ಬಿಗೆ ಬೇಗ ಹಾಕಿ ಮುಚ್ಚುತ್ತಿದ್ದೆ, ಕಾಕುಗೆ ಕಾಣದ ಹಾಗೆ.

ಇವತ್ತು ಆರ್ಡರ್ ಬಂತು. ಹಳೆಯ ಲೆಕ್ಕ ರದ್ದು. ಹೊಸದಾಗಿ ಆರು ತಿಂಗಳು ಅಳೆಯುವ ತನಕ ಕ್ರಷರ್ ಅರ್ಜಿಗಳು ಬಾಕಿ. ಜನ ಇರುವ ಮನೆಯ ಮೇಲೆ ಮಷೀನು ಬೇಡ, ಸರ್ಕಾರಿ ಕಟ್ಟಡಕ್ಕೆ ಸಾಗಿಸಬೇಕು. ತಿಕೋಟಾ ಇನ್ನು ಚೇತನಕುಮಾರನಿಗೆ, ಹೋದ ವರ್ಷ ಸೇರಿದವನಿಗೆ. ನನಗೆ ಬಬಲೇಶ್ವರ ಮಾತ್ರ, ಮಾರ್ಚ್ ತನಕ.

ಗೆದ್ದೆ ಅನ್ನಬೇಕು. ಯಾರಿಗೆ ಹೇಳಲಿ? ಅಮಸಿದ್ದನಿಗೆ?

6 ಫೆಬ್ರವರಿ, ಗುರುವಾರ

ನಾಲ್ಕು ಜನ ಸೇರಿ ಮಷೀನು ಇಳಿಸಿದರು. ಮಾಳಿಗೆಯ ಮೇಲೆ ನಾಲ್ಕು ಕಾಲಿನ ಗುರುತು ಮಾತ್ರ ಬೆಳ್ಳಗೆ ಉಳಿಯಿತು. ವಿಜಯಲಕ್ಷ್ಮೀ ಸುತ್ತಲಿನ ಧೂಳು ಗುಡಿಸಿದಳು, ಆ ಗುರುತೂ ಹೋಯಿತು.

ಕಾಕು ಒಲೆ ಬಿಟ್ಟು ಬಂದು ಕಟ್ಟೆಯ ಮೇಲೆ ಕುಳಿತಿದ್ದರು. ಯಾಕೆ ಒಯ್ಯುತ್ತಾರೆ ಎಂದು ಕೇಳಿದರು. ತಾನು ಹೊದಿಸುವುದು ಬಿಟ್ಟ ಮೇಲೆ ಪೇಪರು ಕಪ್ಪಾಯಿತಲ್ಲ, ಅದಕ್ಕೆ ಬೈದರೇನು, ಅದಕ್ಕೇ ಒಯ್ಯುತ್ತಾರೇನು ಎಂದು. ನೋಡಿಯೇ ಇದ್ದರು ಹಾಗಾದರೆ. ಇಲ್ರಿ ಕಾಕು, ಹೊಸಾ ರೂಲ್ಸು, ಎಲ್ಲಾ ಕಡಿಗೂ ಹಂಗ ಮಾಡಾಕತ್ತಾರ ಎಂದೆ. ಆಫೀಸಿನಲ್ಲಿ ನಿಜ ಬರೆದು ಬಂದವಳು ಕಟ್ಟೆಯ ಮೇಲೆ ಸುಳ್ಳು ಹೇಳಿದೆ. ಅವರ ಮನಸ್ಸಿಗೆ ಯಾಕೆ ನೋವು ಎಂದು. ಹಾಗಂತ ಆಗ ಅನ್ನಿಸಿತು.

ಸೋಮವಾರ ಬಾ ಅಂದರು. ಹ್ಞೂಂ ಅಂದೆ. ಯಾವ ನೆಪದಲ್ಲಿ ಬರಲಿ?

9 ಫೆಬ್ರವರಿ, ಭಾನುವಾರ. ಸಂಜೆ 5.40

ಈಗಷ್ಟೇ ಕಾಕುನ ಫೋನ್. ವಿಜಯಲಕ್ಷ್ಮೀ ಹಚ್ಚಿಕೊಟ್ಟಿರಬೇಕು. ಅವರಿಗೆ ನಂಬರ್ ಒತ್ತಲು ಬರುವುದಿಲ್ಲ.

ನಿನ್ನೆ ಚೇತನಕುಮಾರ ರೊಟ್ಟಿ ಕೊಳ್ಳಲು ಹೋಗಿದ್ದನಂತೆ. ಹೊಸ ಜಾಗದಲ್ಲಿ ಯಾರೂ ಅರಿವೆ ಮುಚ್ಚದ ಹಾಗೆ ಬೋರ್ಡು ಹಾಕಿದ್ದೇವೆ ಎಂದು ನಗುನಗುತ್ತ ಎಲ್ಲ ಹೇಳಿದನಂತೆ. ಆರು ತಿಂಗಳ ಲೆಕ್ಕ ಹೋದದ್ದು, ನಾನು ನನ್ನ ಹೆಸರು ಬರೆದದ್ದು, ಮಾರ್ಚಿಗೆ ನನ್ನ ಕೆಲಸ ಮುಗಿಯುವುದು ಸಹಿತ.

ಕಾಕು ಅಳುತ್ತಾರೆ ಅಂದುಕೊಂಡೆ. ಅಳಲಿಲ್ಲ. ಕೆಮ್ಮು ನಿಲ್ಲುವ ತನಕ ಕಾದು ಒಂದೊಂದೇ ಮಾತು ಆಡಿದರು.

"ತಪ್ಪ ನಾ ಮಾಡಿದ್ದು, ಹೆಸರು ನೀ ಬರದಿ. ಇರ್ಲಿ. ನನಗ ಯಾಕ ಹೇಳಲಿಲ್ಲ?"

ನಿಮಗ ನೋವಾಗ್ತೈತಿ ಅಂತ, ಎಂದೆ.

"ನೋವಾಗಬಾರದು ಅಂತ ಹೊರಗಿನವ್ರಿಗೆ ಸುಳ್ಳ ಹೇಳ್ತಾರ ನಂದಾ. ಮನ್ಯಾವ್ರಿಗೆ ಬೈತಾರ. ನೀ ನನಗ ಒಂದ ಮಾತ ಬೈಲಿಲ್ಲಲ್ಲ."

ಇಟ್ಟುಬಿಟ್ಟರು. ತಿರುಗಿ ಹಚ್ಚಿದೆ, ಎತ್ತಲಿಲ್ಲ. ಇನ್ನೊಮ್ಮೆ ಹಚ್ಚಿದೆ.

ಹದಿನೆಂಟು ವರ್ಷ ನನ್ನನ್ನು ಯಾರೂ ತಮ್ಮವಳೆಂದು ತಿಳಿಯಲಿಲ್ಲ ಎಂದು ಕೊರಗಿದವಳು, ತಿಳಿದ ಒಬ್ಬರನ್ನು ಕಟ್ಟೆಯ ಮೇಲೇ ಕೂರಿಸಿ ಹೊರಗಿನವರನ್ನಾಗಿ ಮಾಡಿ ಬಂದೆ.

ಈಗ ಹೊರಟರೆ ಆರೂವರೆಗೆ ತಿಕೋಟಾ. ಹೋಗಬೇಕು. ಬಾಗಿಲಲ್ಲೇ ನಿಂತು ಬೈಯಬೇಕು. ನಿಮಗ ಬುದ್ಧಿ ಐತೇನ್ರಿ ಕಾಕು, ಉಸಿರಾಡೂ ಮಷೀನಿಗೆ ಯಾರರ ಅರಿವಿ ಹೊಚ್ಚತಾರೇನು, ಅಂತ ಓಣಿಗೆಲ್ಲ ಕೇಳುವ ಹಾಗೆ. ಅವರೂ ಬೈಯಲಿ. ಸ್ಕೂಟಿಯ ಕೀ ಇಲ್ಲೇ ಎಲ್ಲೋ ಇತ್ತು —