ಐರ್ಲೆಂಡಿನಲ್ಲಿ ಹಂಚಿದ ಗಿಣ್ಣು

ಮಗಳೇ ಭಾರತಿ,

ಗೋಡೆಯ ಮೇಲೆ ಫೋಟೋದೊಳಗೆ ಹಲ್ಲು ಕಿಸಿದುಕೊಂಡು ಕೂತರೆ ಸಾಕೇನೇ? ಎರಡು ವರ್ಷದ ಕೂಸನ್ನು ನನ್ನ ಮಡಿಲಿಗೆ ಹಾಕಿ, ಜ್ವರದ ನೆಪ ಮಾಡಿಕೊಂಡು ಹೊರಟುಹೋದವಳು, ಇಷ್ಟು ವರ್ಷದಲ್ಲಿ ಒಂದು ಕನಸಿಗಾದರೂ ಬಂದು ‘ಅಮ್ಮ, ಹೇಗಿದ್ದೀಯ’ ಎಂದದ್ದುಂಟೇ? ಸೋಮಾರಿ. ಕೊನೆಗೆ ನಾಲ್ಕನೇ ಕ್ಲಾಸು ಓದಿದ ನಾನೇ ಬರೆಯಬೇಕಾಯಿತು.

ನಿನ್ನ ಮಗಳು ಸ್ಮಿತಾ ಐರ್ಲೆಂಡ್ ಎಂಬ ದೇಶಕ್ಕೆ ಹೋಗಿದ್ದಾಳೆ. ಗಂಡ ಹೆಂಡತಿ ಇಬ್ಬರೇ ಆರು ದನ ಸಾಕಿಕೊಂಡಿರುವ ಮನೆಯಲ್ಲಿ ಆರು ತಿಂಗಳು ಕೆಲಸ. ಸಂಬಳವಿಲ್ಲ, ಊಟ, ಹಾಸಿಗೆ, ಕಲಿತಷ್ಟು ವಿದ್ಯೆ. ಪಾಸ್‌ಪೋರ್ಟಿನ ವಿಚಾರಣೆಗೆ ನಮ್ಮ ಸೀತೂರಿಗೆ ಬಂದ ಪೊಲೀಸಪ್ಪ ಬಿದ್ದು ಬಿದ್ದು ನಕ್ಕ. “ಸಗಣಿ ಬಾಚೋಕೆ ವಿಮಾನ ಹತ್ಬೇಕಾ ಅಜ್ಜಿ? ನಮ್ಮನೇಲೇ ಎರಡು ಎಮ್ಮೆ ಉಂಟು, ಕಳಿಸಿ ಮಾರಾಯ್ರೆ.” “ನಿನ್ಮನೆ ಸಗಣಿ ನೀನೇ ಬಾಚ್ಕೋ. ಮೊದ್ಲು ಸೈನ್ ಹಾಕು” ಎಂದೆ.

ಮೊನ್ನೆ ಮಧ್ಯಾಹ್ನ ಫೋನು ಬಂತು. “ಅಜ್ಜಿ, ನಾ ವಾಪಸ್ ಬತ್ತೆ” ಎಂದು ಒಂದೇ ಅಳು. ಅಲ್ಲೊಂದು ದನ ಕರು ಹಾಕಿತ್ತಂತೆ. ಮನೆಯೊಡತಿ ನೋರಾ ಕರುವಿಗೆ ಕುಡಿಸಿ ಉಳಿದ ಗಿಣ್ಣದ ಹಾಲನ್ನು ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟಿದ್ದಳು. ಅವರು ಪೇಟೆಗೆ ಹೋದ ಹೊತ್ತಿನಲ್ಲಿ ಇವಳು ಅಷ್ಟಕ್ಕೂ ಸಕ್ಕರೆ ಹಾಕಿ, ಹಬೆಯಲ್ಲಿ ಬೇಯಿಸಿ ಗಿಣ್ಣು ಮಾಡಿ, ಅಕ್ಕಪಕ್ಕದ ಮೂರು ಮನೆಗೆ ಹಂಚಿ ಬಂದಳು. ಯಾರು ಕಲಿಸಿದ್ದು? ಗಿಣ್ಣು ನೆರೆಮನೆಗೆ ಹೋಗದಿದ್ದರೆ ದನದ ಹಾಲು ಬತ್ತುತ್ತದೆ ಎಂದು ಅವಳ ಕಿವಿ ಕಚ್ಚಿದವಳು ನಾನಲ್ಲದೆ…

ಮಾರನೆಯ ದಿನ ಇನ್ನೊಂದು ದನ ಕರು ಹಾಕಿತು. ಅದರ ಕೆಚ್ಚಲು ಬಾತು ಹಾಲೇ ಇಲ್ಲ. ಇಂಥ ಹೊತ್ತಿಗೆಂದೇ ಎತ್ತಿಟ್ಟ ಗಿಣ್ಣದ ಹಾಲು ಊರವರ ಹೊಟ್ಟೆಯಲ್ಲಿತ್ತು. ನೋರಾ ವ್ಯಾನು ಹತ್ತಿ ಎಲ್ಲಿಂದಲೋ ಹಾಲು ಬೇಡಿ ತರುವಷ್ಟರಲ್ಲಿ ಹೊತ್ತು ಮೀರಿತ್ತಂತೆ. ಕರು ಮಾತ್ರ ಏಳುತ್ತಿಲ್ಲ.

“ಬೈದಳಾ?”

“ಇಲ್ಲ ಅಜ್ಜಿ. ಒಂದು ಮಾತೂ ಆಡ್ಲಿಲ್ಲ. ಅದೇ ತಡ್ಕೊಳ್ಳಕ್ಕಾಗ್ತಿಲ್ಲ.”

‘ಬಾ ಕೂಸೇ’ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ನೀನು ನೆನಪಾದೆ. ಚಿಕ್ಕಮಗಳೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿದ ಕಾಗದ ಹಿಡಿದು ನೀನು ಕೇಳಿದ್ದು ಒಂದೇ ಸಲ. “ಹೋಗ್ಲಾ ಅಮ್ಮ?” ಅಡಿಕೆ ಸುಲಿಯುತ್ತಿದ್ದ ನಾನು ತಲೆ ಎತ್ತದೆ “ಎಂತಕ್ಕೆ?” ಎಂದೆ. ನೀನು ಕಾಗದ ಮಡಿಚಿಟ್ಟು ನನ್ನ ಪಕ್ಕ ಸುಲಿಯಲು ಕೂತೆ. ಒಂದು ಜಗಳವಾದರೂ ಆಡಿದ್ದರೆ…

ಸ್ಮಿತಾಗೆ ಹೇಳಿದೆ: “ಈಗ ಬಂದ್ರೆ ನಾ ಬಾಗ್ಲು ತೆಗ್ಯಲ್ಲ. ಕಲ್ಸಿದ್ದು ನಾನು, ಅರ್ಧ ತಪ್ಪು ನಂದು ಅಂತ ಆ ಹೆಂಗಸಿಗೆ ಹೇಳು. ಆ ಕರು ಎದ್ದು ನಿಲ್ಲೋ ತನಕ ಕೊಟ್ಟಿಗೆ ಬಿಟ್ಟು ಏಳ್ಬೇಡ.” ಫೋನಿಟ್ಟೆ.

ನಿನ್ನೆ ಮತ್ತೆ ಫೋನು ಮಾಡಿದ್ದಳು. ಕರು ಎದ್ದಿದೆ, ಇವಳ ಕೋಟಿನ ತುದಿ ಚೀಪುತ್ತದಂತೆ. ಇನ್ನಾರು ತಿಂಗಳು ಇರು ಎಂದು ನೋರಾ ಕೇಳಿದ್ದಾಳೆ. “ಇರ್ಲಾ ಅಜ್ಜಿ?” ಎಂದಳು. ಥೇಟು ನಿನ್ನ ಧ್ವನಿ. “ಇರು” ಎಂದೆ.

ಈಗ ನಾನು ಕೇಳುವುದಕ್ಕೆ ಜವಾಬು ಕೊಡು. ಅವತ್ತು ಅಡಿಕೆ ಸುಲಿಯುವಾಗ ನೀನು ಅಳುತ್ತಿದ್ದೆಯಾ? ನಾನು ಪಕ್ಕದಲ್ಲೇ ಇದ್ದೆ, ನೋಡಲಿಲ್ಲ. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರಬೇಕು. ನನ್ನ ಮನಸ್ಸಿಗೆ ಹಿತವಾಗಲೆಂದು ಸುಳ್ಳು ಮಾತ್ರ ಬರೆಯಬೇಡ.

ನಿನ್ನ ಅಮ್ಮ