ಅತ್ತೆಯ ಎಲೆಯ ಪಕ್ಕ
ಕಲಬುರ್ಗಿ, ೧೭ ಆಗಸ್ಟ್ ೧೯೪೯

ಕಮಲಾಪುರದಿಂದ ಅತ್ತೆ ಬಂದಾಗಿನಿಂದ ನನ್ನ ಕೂಸು ಮುಕುಂದ ತಾನಾಗಿ ಉಣ್ಣುವುದನ್ನೇ ಬಿಟ್ಟಿದ್ದಾನೆ. ಅವನು ಬಟ್ಟಲಿಗೆ ಕೈ ಹಾಕಿದರೆ ಸಾಕು, ಅತ್ತೆ ಕೈ ಹಿಡಿದು ಒರೆಸಿ ನನ್ನ ಮೇಲೆ ಹರಿಹಾಯುತ್ತಾರೆ. “ರಜಾಕಾರರ ಗದ್ದಲದಾಗ ಹುಟ್ಟಿದ ಕೂಸು, ಉಪವಾಸ ಕೆಡವ್ತೀಯೇನ? ಕಾಲೇಜು ಕಲ್ತಾಕಿಗೆ ಉಣಿಸ್ಲಿಕ್ಕೂ ಬರಂಗಿಲ್ಲ! ಮನಿಯೆಲ್ಲಾ ಮುಸುರಿ!”

ಸೇಡು ತೀರಿಸಿಕೊಳ್ಳಲೆಂದೇ ಇವತ್ತು ಅವರು ಮಡಿಯುಟ್ಟು ಊಟಕ್ಕೆ ಕೂತಾಗ ಕೂಸನ್ನು ಅವರ ಎಲೆಯ ಪಕ್ಕಕ್ಕೆ ಬಿಟ್ಟೆ. ಅವನು ಎಲೆಗೆ ಕೈ ಹಾಕಲಿ, ಮಡಿ ಕೆಟ್ಟಿತೆಂದು ಅವರು ಅರ್ಧ ಊಟಕ್ಕೇ ಎದ್ದು ಹೋಗಲಿ ಎಂದು ಕಾದೆ. ಹಾಕಿದ. ಮುಷ್ಟಿ ತುಂಬ ಅನ್ನ ಹಿಡಿದು ಸೀದಾ ಅವರ ಬಾಯಿಗೇ ಒಡ್ಡಿದ. ಅತ್ತೆ ಬಾಯಿ ತೆರೆದರು! “ಇನ್ನೊಂದು ತುತ್ತು ಕೊಡೋ ನಮ್ಮಪ್ಪಾ” ಅಂದರು. ಕೊಟ್ಟ. ಆಮೇಲೆ ತಾನೂ ಉಂಡ.

ನಾನು ಎಷ್ಟು ದಿನ ಬಾಯಿ ತೆರೆದು ಕೂತರೂ ಒಂದು ಅಗುಳನ್ನೂ ಕೊಟ್ಟವನಲ್ಲ. ಅವರ ಮಾತುಗಳನ್ನು ಒಂದು ದಿನ ಕ್ಷಮಿಸಿಬಿಡುತ್ತಿದ್ದೆನೇನೋ. ಇದನ್ನು ಮಾತ್ರ ಕ್ಷಮಿಸಲಾರೆ.