ದಿಬ್ಬದ ಮೇಲಿನ ಹೆಜ್ಜೆಗುರುತು

ಅಪ್ಪಾ,

ಇವತ್ತು ಬೆಳಿಗ್ಗೆ ನೀವು ಕಾವಲಿದ್ದ ಕಡಲತೀರಕ್ಕೆ ಹೋಗಿದ್ದೆ. ಮರಳುದಿಬ್ಬದ ಸುತ್ತ ಈಗಲೂ ಹಗ್ಗ ಕಟ್ಟಿದ್ದಾರೆ. ಒಳಗೆ ಬೆಣಚುಕಲ್ಲಿನಂತೆ ಕಾಣುವ ಮೂರು ಹಕ್ಕಿಮೊಟ್ಟೆಗಳಿದ್ದವು. ಒಬ್ಬ ಹೆಂಗಸು ನಾಯಿ ಹಿಡಿದುಕೊಂಡು ಹಗ್ಗ ದಾಟಿ ಹತ್ತುತ್ತಿದ್ದರು.

"ಅಲ್ಲಿ ಬಾಣಂತಿ ಇದ್ದಾಳೆ, ಸ್ವಲ್ಪ ಸುತ್ತಿಕೊಂಡು ಹೋಗಿ" ಎಂದೆ. ನಿಮ್ಮದೇ ಮಾತು ನನ್ನ ಬಾಯಲ್ಲಿ ಬಂತು.

ಪಾಪ, ಅವರು ನಕ್ಕು ಇಳಿದರು. ಹೆಜ್ಜೆಗುರುತು ಮಾತ್ರ ಉಳಿಯಿತು. ಅದನ್ನು ನೋಡಿ ಇನ್ನೊಬ್ಬರು ಹತ್ತುತ್ತಾರೆ ಅನ್ನುತ್ತಿದ್ದಿರಲ್ಲ, ಒಣಕೊಂಬೆ ಹಿಡಿದು ಹಿಂದೆ ಹಿಂದೆ ಸರಿಯುತ್ತ ಗುಡಿಸಿದೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನೀವು ಹೀಗೇ ಗುಡಿಸುತ್ತಿದ್ದಿರಿ. "ಯಾರೇ ಅದು, ಮರಳು ಗುಡಿಸೋ ಹುಚ್ಚ?" ಎಂದು ಗೆಳತಿಯರು ಕೇಳಿದರು. "ನಂಗೇನು ಗೊತ್ತು" ಅಂದೆ. ನೀವು ತಲೆ ಎತ್ತಲಿಲ್ಲ. ಮನೆಯಲ್ಲೂ ಆ ಮಾತು ಎತ್ತಲಿಲ್ಲ. ಮರುದಿನದಿಂದ ಶಾಲೆ ಬಿಡುವ ಹೊತ್ತಿಗೆ ದಿಬ್ಬದ ಆಚೆ ಬದಿಗೆ ಹೋಗಿಬಿಡುತ್ತಿದ್ದಿರಿ.

ನಾನು ಗುಡಿಸುವುದನ್ನೇ ನೋಡುತ್ತ ನಿಂತಿದ್ದ ಆ ಹೆಂಗಸು, "ನೀವು ಇಲ್ಲೇ ಕೆಲಸ ಮಾಡ್ತೀರಾ?" ಎಂದು ಕೇಳಿದರು.

"ಇಲ್ಲ, ನಮ್ಮಪ್ಪ ಮಾಡ್ತಿದ್ರು" ಅಂದೆ. ಸ್ವಲ್ಪ ಜೋರಾಗಿಯೇ ಹೇಳಿದೆ, ದಿಬ್ಬದ ಆಚೆಗೂ ಕೇಳುವಷ್ಟು.